ಪೈಪ್ ಕಳಚಿದ ಇಂಜಿನ್

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಒಂದು ಹಳೆಯ ಕಾರು. ಅಲ್ಲಿನ ಸನ್ಯಾಸಿಗಳಲ್ಲಿ ಅರ್ಧ ಜನ ಆ ಕಾರಿಗಿಂತ ಕಿರಿಯರು.

ಕಾರಿನ ಯೋಗಕ್ಷೇಮ ನಿಂಗೋಜಿ ಮೇಸ್ತ್ರಿಯದು. ಅವರ ಕೈಕೆಳಗೆ ಹಾಲಮ್ಮ ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು.

ಚುರುಕಾದ ಹೆಂಗಸು. ಒಂದೇ ಕೊರತೆ ಎಂದರೆ, ಒಂದು ನಟ್ಟು ಬಿಗಿದರೂ ತಿರುಗಿ ನೋಡಿ, ಸರಿಯಾಯ್ತಾ ಮೇಸ್ತ್ರಿ ಎಂದು ಕೇಳಲೇಬೇಕು. ಮೇಸ್ತ್ರಿಗೂ ಒಂದು ಕೊರತೆಯಿತ್ತು. ಅವಳು ಕೇಳುವ ಮೊದಲೇ ಹೇಳಿಬಿಡುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳು ಹೆಗ್ಗಣವೂ ಅಲ್ಲ, ಇನ್ನೇನು ಮಾಡಿಯಾರು ಪಾಪ.

ಬೆಟ್ಟದ ಮೇಲಿನ ಶಾಖೆಗೆ ಒಬ್ಬ ಮೆಕ್ಯಾನಿಕ್ ಬೇಕಾಗಿತ್ತು. ಹಾಲಮ್ಮ ತಾನೇ ಕಾರನ್ನು ಸಜ್ಜುಮಾಡಿ ಬೆಟ್ಟ ಹತ್ತಿಸಿದರೆ ಕೆಲಸ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಸ್ವಾಮಿಗಳು ಹೇಳಿದ್ದರು. ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ಮೇಸ್ತ್ರಿ ಇಲ್ಲದ ಕಡೆ ಒಬ್ಬಳೇ ಇರಬೇಕಲ್ಲ ಎಂಬ ಭಯವೂ ಅಷ್ಟೇ ಇತ್ತು.

ಮೇಸ್ತ್ರಿ ಊರಿಗೆ ಹೋಗಿದ್ದ ದಿನ ಅವಳು ಇಂಜಿನ್‌ಗೆ ಟೈಮಿಂಗ್ ಇಟ್ಟಳು, ಅಂದರೆ ಒಳಗೆ ಕಿಡಿ ಹಾರುವ ಗಳಿಗೆಯನ್ನು ಹೊಂದಿಸಿದಳು. ಲೈಟ್ ಹಿಡಿದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಪುಲ್ಲಿಯ ಗೆರೆಯನ್ನು ಇಂಜಿನ್ ಮೇಲಿನ ಗುರುತಿಗೆ ಕೂಡಿಸಿದಳು.

ಸಮ ರಸ್ತೆಯಲ್ಲಿ ಕಾರು ನಗುನಗುತ್ತಾ ಓಡಿತು. ಬೆಟ್ಟದ ಎರಡನೇ ತಿರುವಿನಲ್ಲಿ ಏದುಸಿರು ಬಿಟ್ಟು, ಕಾದು, ನಿಂತೇಹೋಯಿತು. ಅದು ತಣ್ಣಗಾದ ಮೇಲೆ ಹಾಲಮ್ಮ ಹಾಗೇ ಆಶ್ರಮಕ್ಕೆ ಇಳಿಸಿಕೊಂಡು ಬಂದಳು.

ಸಂಜೆ ಊರಿಂದ ಬಂದ ಮೇಸ್ತ್ರಿ ಬಾನೆಟ್ ಎತ್ತಿ ನೋಡಿದರು.

"ಪೈಪ್ ಕಳಚಿ ಇಟ್ಟಿದ್ಯಾ ಟೈಮಿಂಗ್?"

ಡಿಸ್ಟ್ರಿಬ್ಯೂಟರಿಗೆ ಇಂಜಿನ್ನಿಂದ ಒಂದು ಸಣ್ಣ ರಬ್ಬರ್ ಪೈಪ್ ಬರುತ್ತದೆ. ಇಂಜಿನ್ ಉಸಿರೆಳೆದಂತೆ ಆ ಪೈಪ್ ಕಿಡಿಯನ್ನು ತುಸು ಮುಂಚೆಯೇ ಹಾರಿಸುತ್ತದೆ. ಟೈಮಿಂಗ್ ಇಡುವಾಗ ಅದನ್ನು ಕಳಚಿ, ಅದರ ಬಾಯಿ ಮುಚ್ಚಿಡಬೇಕು. ಹಾಲಮ್ಮನಿಗೆ ಇದು ಗೊತ್ತಿಲ್ಲದ್ದೇನಲ್ಲ. ಕಳಚಿದ ಕೂಡಲೇ ಇಂಜಿನ್ ಸೊರಗಿತು, ಪಾಪ ಅನ್ನಿಸಿ ಮತ್ತೆ ಸಿಕ್ಕಿಸಿಯೇ ಗೆರೆ ಕೂಡಿಸಿದೆ ಎಂದು ತಲೆ ತಗ್ಗಿಸಿದಳು.

ಮೇಸ್ತ್ರಿಗೆ ನಗು ಬಂತು.

"ಸಮ ನೆಲದಾಗೆ ಪೈಪ್ ಕೈ ಹಿಡಿತೈತೆ. ಏರಿನಾಗೆ ನೀನು ಕಾಲು ಒತ್ತಿದ್ಯೋ, ಬಿಟ್ಟುಬಿಡ್ತೈತೆ ಕಣವ್ವಾ."

"ಏರಿನಾಗೇ ಅಲ್ವಾ ಮೇಸ್ತ್ರಿ ಅದು ಬೇಕಾಗೋದು?"

"ಏರಿನಾಗೆ ಬೇಕಾಗೋದು ಇಂಜಿನ್‌ದೇ ಸ್ವಂತ ಟೈಮಿಂಗ್."

ಮರುದಿನ ಬೆಳಿಗ್ಗೆ ಅವಳು ಪೈಪ್ ಕಳಚಿ, ಅದರ ಬಾಯಿಗೆ ಒಂದು ಕಡ್ಡಿ ತುರುಕಿದಳು. ಇಂಜಿನ್ ಸೊರಗಿತು. ಈ ಸಲ ಅವಳು ಪಾಪ ಅನ್ನಲಿಲ್ಲ. ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದಳು. ಆಮೇಲೆ ಅಭ್ಯಾಸದಂತೆ ಹಿಂದಿರುಗಿ ನೋಡಿದಳು.

"ಇಷ್ಟು ಸಾಕಾ ಮೇಸ್ತ್ರಿ?"

ಮೇಸ್ತ್ರಿ ಬಾಯಿ ತೆರೆದರು. ತೆರೆದ ಬಾಯಿಗೆ ಸಂಚಿಯಿಂದ ನಾಲ್ಕು ವೀಳ್ಯದೆಲೆ, ಒಂದು ಹಿಡಿ ಅಡಿಕೆ ತುರುಕಿಕೊಂಡರು. ಕೆನ್ನೆ ಉಬ್ಬಿತು. ಕೈಯಿಂದ, ನಡೆಸು ಎಂದರು.

ಅವಳು ಮತ್ತೆ ಕೇಳಿದಳು. ಅವರು ಹೊಳೆಯ ಕಡೆ ನೋಡುತ್ತಾ ಅಗಿದರು.

ಮೂರು ವರ್ಷದಲ್ಲಿ ಮೊದಲ ಸಲ ಹಾಲಮ್ಮನಿಗೆ ಮೇಸ್ತ್ರಿಯ ಮೇಲೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ಅದನ್ನು ತೋಳಿಗೆ ಒರೆಸಿಕೊಂಡು ಗೆರೆ ನೋಡಿದಳು, ಇನ್ನೊಂದು ಕೂದಲೆಳೆ ತಿರುಗಿಸಿದಳು, ಸದ್ದಿಗೆ ಕಿವಿಗೊಟ್ಟಳು. ಗೆರೆ ಗುರುತಿಗೆ ಕೂಡಿತು. ಬೋಲ್ಟ್ ಬಿಗಿದಳು. ಕಡ್ಡಿ ಕಿತ್ತು ಪೈಪ್ ಸಿಕ್ಕಿಸಿದಳು. ಯಾರನ್ನೂ ಕೇಳಲಿಲ್ಲ.

ಬೆಟ್ಟಕ್ಕೆ ಹೊರಟಾಗ ಮೇಸ್ತ್ರಿ ಪಕ್ಕದಲ್ಲಿ ಕೂತರು, ಬಾಯ್ತುಂಬ ರಸ ಇಟ್ಟುಕೊಂಡೇ. ಎರಡನೇ ತಿರುವು ಬಂತು. ಹಾಲಮ್ಮ ಕಾಲು ಒತ್ತಿದಳು. ಕಾರು ಗೊಣಗದೆ ಹತ್ತಿತು. ಮೂರನೆಯದನ್ನೂ ಹತ್ತಿತು. ಮೇಸ್ತ್ರಿ ಉಗುಳಲೂ ಆಗದೆ ನುಂಗಲೂ ಆಗದೆ ಅರಳಿದ ಕಣ್ಣಿನಿಂದಲೇ ಖುಷಿಪಟ್ಟರು.

ಮೇಲೆ ಹೋದ ಮೇಲೆ ಇಳಿದು ಉಗುಳಿ, ಬಾಯಿ ತೊಳೆದುಕೊಂಡರು. ಶಾಖೆಯವರು ಬಂದು ಹಾಲಮ್ಮನಿಗೆ ಶೆಡ್ಡಿನ ಬೀಗದ ಕೈ ಕೊಟ್ಟು ಹೋದರು.

ಅವಳು ಅದನ್ನು ಹಿಡಿದುಕೊಂಡು ಅಲ್ಲೇ ನಿಂತಳು. ಶೆಡ್ಡಿನ ಕಡೆ ಹೋಗದೆ ಮೇಸ್ತ್ರಿಯ ಕಡೆ ತಿರುಗಿದಳು.

"ಇನ್ಮೇಲೆ ನಿಮ್ಮನ್ನ ಏನೂ ಕೇಳಬಾರದಾ ಮೇಸ್ತ್ರಿ?"

ನಿಂಗೋಜಿ ಮೇಸ್ತ್ರಿ ಅವಳ ತಲೆ ಮೇಲೆ ಕೈಯಿಟ್ಟರು.

"ಟೈಮಿಂಗ್ ಇಟ್ಟಾದ್ಮೇಲೆ ಪೈಪ್ ಬಿಸಾಕಿ ಬಂದ್ಯಾ ಮಗಳೇ, ತಿರುಗಿ ಸಿಕ್ಕಿಸ್ಕೊಂಡು ಬಂದ್ಯಾ?"