ಎರಡೂವರೆ ಗಂಟೆಯ ದಾರಿ

"ಗುರುಗಳೇ, ತಂದೆಗೆ ಮೈಯಲ್ಲಿ ಹುಷಾರಿಲ್ಲವೆಂದು ಫೋನ್ ಬಂದಿದೆ. ವಿಮಾನದಲ್ಲಿ ಒಂದೇ ಗಂಟೆಯ ದಾರಿ. ಈಗಲೇ ಓಡಬೇಕೆ, ಕಾಯಿಲೆ ಹೆಚ್ಚಾದಾಗ ಹೋದರೆ ಸಾಲದೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ದಿಲ್ಲಿಯಲ್ಲಿ ನಮ್ಮ ಕಡೆಯ ಒಬ್ಬ ಸೀರೆ ವ್ಯಾಪಾರಿಯಿದ್ದ. ಅವನ ಒಬ್ಬಳೇ ತಂಗಿಯನ್ನು ಹುಬ್ಬಳ್ಳಿಗೆ ಕೊಟ್ಟಿತ್ತು. ಆಗ ನಡುವೆ ರೈಲಿನಲ್ಲಿ ಎರಡು ರಾತ್ರಿಯ ದಾರಿ. ತಂಗಿಗೆ ಜ್ವರವೆಂದು ಕಾಗದ ಬಂದರೆ ಸಾಕು, ವ್ಯಾಪಾರಿ ಅಂಗಡಿಯ ಬಾಗಿಲೆಳೆದು ಹೊರಟುಬಿಡುತ್ತಿದ್ದ. ಇಷ್ಟು ದೂರದಲ್ಲಿದ್ದು ಕೆಟ್ಟ ಸುದ್ದಿಗೆ ಕಾಯುವುದುಂಟೆ? ಸುದ್ದಿ ಮುಟ್ಟಿ, ತಾನು ಮುಟ್ಟುವಷ್ಟರಲ್ಲಿ ಏನು ಉಳಿದೀತು? ಅವನು ಹೋಗಿ ಇಳಿಯುವ ಹೊತ್ತಿಗೆ ತಂಗಿ ಎದ್ದು ರೊಟ್ಟಿ ಬಡಿಯುತ್ತಿರುತ್ತಿದ್ದಳು.

"ಇಷ್ಟ ಜ್ವರಕ್ಕ ದಿಲ್ಲಿಯಿಂದ ಓಡಿ ಬಂದೀ? ನಿನಗ ಬ್ಯಾರೆ ಉದ್ಯೋಗ ಇಲ್ಲೇನೋ ಅಣ್ಣಾ?" ಎಂದು ಬೈಯುತ್ತಿದ್ದಳು. ಬೈದು, ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು.

ಆಮೇಲೆ ವಿಮಾನ ಬಂತು. ಎರಡು ರಾತ್ರಿಯ ದಾರಿ ಎರಡೂವರೆ ಗಂಟೆಗೆ ಇಳಿಯಿತು. "ಇನ್ನ ನೀ ಕರದರ ಸಾಕವಾ, ಬಾಜೂ ಓಣಿಯಿಂದ ಬಂದಂಗ ಬರ್ತೀನಿ," ಎಂದು ವ್ಯಾಪಾರಿ ತಂಗಿಗೆ ಹೇಳಿದ.

ಪಕ್ಕದ ಓಣಿಯವರು ಬರುವ ಹಾಗೆಯೇ ಆಯಿತು. ಇವತ್ತಲ್ಲದಿದ್ದರೆ ನಾಳೆ. ಪಂಚಮಿಗೆ ಆಗದಿದ್ದರೆ ದೀಪಾವಳಿಗೆ.

ಒಂದು ವರ್ಷ ತಂಗಿ ಹಾಸಿಗೆ ಹಿಡಿದಳು. ಅವಳ ಗಂಡ ಫೋನ್ ಮಾಡಿದ. ಅಂಗಡಿಯಲ್ಲಿ ಮದುವೆ ಸೀರೆಗಳ ಭರಾಟೆ. ವ್ಯಾಪಾರಿಗೆ ತಂಗಿ ಬೇಡವಾಗಿರಲಿಲ್ಲ, ದಿನವೂ ನೆನೆಯುತ್ತಿದ್ದ. ಆದರೆ ಆ ಎರಡೂವರೆ ಗಂಟೆ ಅವನ ಜೇಬಿನಲ್ಲೇ ಇತ್ತು. "ಭಾಳ ಆದರ ತಿಳಸ್ರಿ, ಆ ಕ್ಷಣ ಹೊರಡತೀನಿ," ಎಂದ.

ಮುಂದಿನ ವಾರ ತಂಗಿಯೇ ಮಾತಾಡಿದಳು. "ನಿನ್ನ ಕೆಲಸ ಮುಗಿಸ್ಕೊಂಡ ಬಾ ಅಣ್ಣಾ," ಎಂದಳು, ಅಷ್ಟೆ. ಅವಳು ಬೈಯಲಿಲ್ಲವೆಂಬುದು ಫೋನ್ ಇಟ್ಟ ಮೇಲೆ ಅವನಿಗೆ ಹೊಳೆಯಿತು. ಆದರೆ ಎದುರಿಗೆ ಗಿರಾಕಿಗಳು ಕೂತಿದ್ದರು.

ಅದಾದ ಮೇಲೆ ಬಂದ ಫೋನಿಗೆ ಅವನು ನಿಜಕ್ಕೂ ಆ ಕ್ಷಣವೇ ಹೊರಟ. ತವರಿನ ಸೀರೆ ಬರದೆ ಮುತ್ತೈದೆಯ ಹೆಣ ಎತ್ತುವುದಿಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸೀರೆ ಹಿಡಿದು ವಿಮಾನ ಹತ್ತಿದ.

ಅಂಗಳದಲ್ಲಿ ಕೂತವರು ಬೆರಗಾದರು. "ಇಲ್ಲೇ ಗದಗಿನವರು ಇನ್ನೂ ದಾರ‍್ಯಾಗ ಅದಾರ, ದಿಲ್ಲಿಯಂವ ಬಂದ ನೋಡ್ರಿ!" ಎಂದರು.

ತಂಗಿಯ ಗಂಡ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮ್ಯಾಲೆ ವಿಮಾನದ ಸಪ್ಪಳ ಕೇಳಿದಾಗೆಲ್ಲ, 'ಅಣ್ಣ ಬಂದ, ಚಹಾಕ್ಕ ಇಡ್ರಿ' ಅಂತಿದ್ದಳ್ರಿ."

ವ್ಯಾಪಾರಿ ಸೀರೆಯ ಮಡಿಕೆ ಬಿಚ್ಚಲು ಹೋದ. ಬೆಳಗಿನಿಂದ ಸಂಜೆಯವರೆಗೆ ಸೀರೆ ಬಿಚ್ಚಿ ತೋರಿಸುವ ಕೈ ಅದು. ಬಿಚ್ಚಲಾಗಲಿಲ್ಲ. ಯಾರೋ ಹೆಂಗಸರು ಇಸಿದುಕೊಂಡು ಹೊದಿಸಿದರು.

ಗುರು ಕತೆ ಮುಗಿಸಿದರು.

"ಪಾಪ! ವಿಮಾನವಿದ್ದೂ ತಡವಾಗಿ ಬಂದ," ಎಂದ ಶಿಷ್ಯ.

"ತಡವೆಲ್ಲಿ ಮಾಡಿದ? ಯಾವ ಸುದ್ದಿಗೆ ಕಾದು ಕೂತಿದ್ದನೋ ಆ ಸುದ್ದಿಗೆ ಸರಿಯಾದ ಹೊತ್ತಿಗೇ ಬಂದ," ಎಂದರು ಗುರು.