ಮೂಗಿಗೆ ಪಂಚಾಂಗವಿಲ್ಲ

ನದಿಯ ದಡದಲ್ಲಿ ಒಂದು ಆಶ್ರಮ. ಅನಸೂಯಮ್ಮನವರು ಅಲ್ಲಿ ಉಸಿರಿನ ವಿದ್ಯೆ ಕಲಿಸುತ್ತಿದ್ದರು.

ಆ ಆಶ್ರಮಕ್ಕೆ ಒಂದು ಪದ್ಧತಿ ಇತ್ತು. ಕಲಿತು ಮುಗಿಸಿದವರು ಚೈತ್ರದ ಹುಣ್ಣಿಮೆಯ ಬೆಳಗಿನಲ್ಲಿ ನದಿಗೆ ಮುಖ ಮಾಡಿ ಕೂರಬೇಕು. ಮೂಗಿನಿಂದ ಒಂದು ಉಸಿರು ಎಳೆದುಕೊಂಡು, ಅದು ತೀರುವವರೆಗೂ ಓಂಕಾರ ಹಿಡಿಯಬೇಕು. ಹಿಡಿದವರು ಆಮೇಲೆ ಬೇರೆಯವರಿಗೆ ಕಲಿಸಬಹುದು.

ಪ್ರಮೀಳೆ ಎಲ್ಲವನ್ನೂ ಕಲಿತಿದ್ದಳು. ಆದರೆ ಹೊಂಗೆ ಹೂ ಬಿಡುವುದೂ, ಗಾಳಿ ಒಣಗಿ ಧೂಳೇಳುವುದೂ ಚೈತ್ರದಲ್ಲೇ. ಹುಣ್ಣಿಮೆ ಹತ್ತಿರ ಬಂತೆಂದರೆ ಅವಳ ಮೂಗು ಕಟ್ಟುತ್ತಿತ್ತು, ಕಣ್ಣು ಕೆಂಡವಾಗುತ್ತಿತ್ತು. ಅವಳು ಸೀನಿದರೆ ಮರದ ಕಾಗೆಗಳು ಹಾರಿಹೋಗುತ್ತಿದ್ದವು.

ವರ್ಷ ವರ್ಷವೂ ಅವಳ ನಂತರ ಸೇರಿದವರು ಮುಂದೆ ಹೋಗಿ ಕೂತರು. ಅವಳು ಸೆರಗಿನಲ್ಲಿ ಮೂಗು ಒರೆಸುತ್ತ ಹಿಂದಿನ ಸಾಲಿನಲ್ಲೇ ಉಳಿದಳು.

ಈ ಸಲ ಯುಗಾದಿಯ ಹೊತ್ತಿಗೇ ಅವಳು ಪೇಟೆಯ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟರು. ಹೇಗೆ ಹಾಕಿಕೊಳ್ಳಬೇಕು ಎಂದು ಹೇಳಲು ಬಾಯಿ ತೆರೆದರು.

"ಮೂಗಿನ ವಿಷಯ ನಮಗೆ ಹೇಳಬೇಕಾ ಡಾಕ್ಟ್ರೇ? ನಾನು ಆಶ್ರಮದವಳು," ಎಂದು ಪ್ರಮೀಳೆ ಎದ್ದು ಬಂದಳು.

ಐದಾರು ದಿನವೂ ಆಗಿರಲಿಲ್ಲ. ಸ್ಪ್ರೇ ಡಬ್ಬಿ ಹಿಡಿದು ಗುರುವಿನ ಮುಂದೆ ಬಂದು ನಿಂತಳು.

"ಅಮ್ಮಾ, ಇದು ಕೆಲಸಕ್ಕೆ ಬಾರದ ಔಷಧ. ಗಂಟಲೆಲ್ಲ ಕಹಿ. ಬೆಳಿಗ್ಗೆ ರಕ್ತ ಬೇರೆ ಬಂತು. ಇದನ್ನು ನದಿಗೆ ಎಸೆದುಬಿಡುತ್ತೇನೆ."

"ನದಿಗೇನು ನೆಗಡಿಯೇ?" ಎಂದರು ಅನಸೂಯಮ್ಮ.

ಪ್ರಮೀಳೆ ಡಬ್ಬಿ ಹಿಡಿದ ಕೈಯನ್ನು ಇಳಿಸಿದಳು.

"ಹೇಗೆ ಹಾಕಿಕೊಂಡೆ, ತೋರಿಸು."

ಅವಳು ಆಶ್ರಮದಲ್ಲಿ ಮೂಗಿಗೆ ಎಣ್ಣೆ ಬಿಟ್ಟುಕೊಳ್ಳುವಾಗ ಮಲಗುವ ಹಾಗೆಯೇ ಕಲ್ಲುಹಾಸಿನ ಮೇಲೆ ಮಲಗಿದಳು. ತಲೆಯನ್ನು ಹಿಂದಕ್ಕೆ ಇಳಿಬಿಟ್ಟಳು. ಡಬ್ಬಿಯ ಮೂತಿಯನ್ನು ಮೂಗಿನ ನಡುಗೋಡೆಗೆ ಒತ್ತಿ ಹಿಡಿದು ತೋರಿಸಿದಳು.

"ಹೀಗೆ ಹೊಡೆದು, ಜೋರಾಗಿ ಎಳೆದುಕೊಳ್ಳುವುದು. ಆಮೇಲೆ ನೇತಿ. ಗಿಂಡಿಯ ನೀರನ್ನು ಒಂದು ಹೊಳ್ಳೆಯಲ್ಲಿ ಬಿಟ್ಟು ಇನ್ನೊಂದರಲ್ಲಿ ತೆಗೆಯುವುದು. ಮೂಗು ಮತ್ತೆ ಕಟ್ಟಿದರೆ ಮತ್ತೆ ಹೊಡೆಯುವುದು."

ಅನಸೂಯಮ್ಮ ಎದ್ದು ಎಣ್ಣೆಯ ಗಿಂಡಿ ತಂದರು. ಧ್ಯಾನದ ಕೋಣೆಯ ಬಾಗಿಲು ಬಹಳ ದಿನದಿಂದ ಕಿರುಗುಟ್ಟುತ್ತಿತ್ತು. ಅದರ ನಟ್ಟನಡುವೆ ಎಣ್ಣೆಯನ್ನು ರಪ್ಪನೆ ಎರಚಿದರು. ಒದ್ದೆ ಬಟ್ಟೆ ತೆಗೆದುಕೊಂಡು ಚೆನ್ನಾಗಿ ಒರೆಸಿದರು. ಬಾಗಿಲು ತಳ್ಳಿದರು.

ಬಾಗಿಲು ಕಿರ್ರ್ ಎಂದಿತು.

"ಕೆಲಸಕ್ಕೆ ಬಾರದ ಎಣ್ಣೆ," ಎಂದರು.

"ಅಯ್ಯೋ ಅಮ್ಮಾ, ತಿರುಗಣಿ ಇರುವುದು ಪಕ್ಕದಲ್ಲಿ!"

"ಹೌದೇ?"

"ಹಾಕಿದ್ದನ್ನು ಒರೆಸಿಬಿಟ್ಟರೆ ಎಣ್ಣೆ ಏನು ಮಾಡೀತು?"

"ಅದನ್ನು ನಾನು ನಿನ್ನಿಂದಲೇ ಕಲಿತದ್ದು ಕಣೇ."

ಪ್ರಮೀಳೆಯ ಮುಖ ಮಾವಿನ ಚಿಗುರಿನ ಹಾಗೆ ಕೆಂಪಾಯಿತು.

"ಹಾಗಾದರೆ ಹೇಗೆ ಹಾಕಿಕೊಳ್ಳಬೇಕು, ಹೇಳಿಕೊಡಿ ಅಮ್ಮಾ."

"ನನಗೆ ಗೊತ್ತಿರುವುದು ಉಸಿರು. ಔಷಧ ಗೊತ್ತಿಲ್ಲ. ಏಳು, ಬಸ್ಸು ಬರುವ ಹೊತ್ತಾಯಿತು."

ಪೇಟೆಯ ದವಾಖಾನೆಯಲ್ಲಿ ಜನ ಅನಸೂಯಮ್ಮನವರ ಕಾಲಿಗೆ ಬಿದ್ದರು. ಅವರು ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ತಮ್ಮ ಸರದಿ ಬರುವವರೆಗೂ ಕಾದರು. ಒಳಗೆ ಹೋದ ಮೇಲೆ ಮೊಮ್ಮಗಳ ವಯಸ್ಸಿನ ಆ ಡಾಕ್ಟರಿಗೆ ಕೈಮುಗಿದರು.

"ನಮ್ಮಿಬ್ಬರಿಗೂ ಗೊತ್ತಿಲ್ಲ ತಾಯಿ. ಕಲಿಸಿಕೊಡಿ."

ಪ್ರಮೀಳೆ ಬೆರಗಾಗಿ ಗುರುವನ್ನೇ ನೋಡಿದಳು. ಊರಿಗೆ ಊರೇ ಕಲಿಯಲು ಬರುತ್ತಿದ್ದುದು ಈ ಮುದುಕಿಯ ಹತ್ತಿರ. ಅವರು ಕೂತದ್ದು ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ, ಕುರ್ಚಿಯ ತುದಿಯಲ್ಲಿ.

ಡಾಕ್ಟರು ಪ್ರಮೀಳೆಯ ಮೂಗಿಗೆ ದೀಪ ಹಿಡಿದು ನೋಡಿದರು.

"ನಡುಗೋಡೆ ಕೆರೆದಿದೆ. ಅದು ಮಾಯುವವರೆಗೆ ಔಷಧ ಬೇಡ. ಆಮೇಲೂ ರಕ್ತ ಬಂದರೆ ನಿಲ್ಲಿಸಿ ನನ್ನ ಹತ್ತಿರ ಬನ್ನಿ."

ಆಮೇಲೆ ಖಾಲಿ ಡಬ್ಬಿಯೊಂದನ್ನು ತೆಗೆದುಕೊಂಡು ತಾವೇ ತೋರಿಸಿದರು.

"ನೇತಿ ಮಾಡುವವರು ಮೊದಲೇ ಮಾಡಿ ಮುಗಿಸಿ, ಕುದಿಸಿ ಆರಿಸಿದ ನೀರಿನಲ್ಲಿ. ಮೆಲ್ಲಗೆ ಮೂಗು ಸೀಟಿ ಖಾಲಿ ಮಾಡಿಕೊಳ್ಳಿ. ಔಷಧ ಹಾಕಿದ ಮೇಲೆ ತೊಳೆಯುವುದೂ ಇಲ್ಲ, ಸೀಟುವುದೂ ಇಲ್ಲ. ಡಬ್ಬಿ ಅಲ್ಲಾಡಿಸಿ. ತಲೆ ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ, ಕಾಲ್ಬೆರಳು ನೋಡುವ ಹಾಗೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ಮೂತಿ ತಾನಾಗಿ ಹೊರಗೋಡೆಯ ಕಡೆ, ಕಿವಿಯ ದಿಕ್ಕಿಗೆ ತಿರುಗುತ್ತದೆ. ಎಳೆದುಕೊಳ್ಳಬೇಡಿ. ಉಸಿರಾಡಿ, ಅಷ್ಟು ಸಾಕು."

"ಎಷ್ಟು ಸಲ?" ಎಂದರು ಅನಸೂಯಮ್ಮ.

"ಚೀಟಿಯಲ್ಲಿ ಬರೆದಷ್ಟೇ. ದಿನಾ ತಪ್ಪದೆ. ಇದು ಹೊಡೆದ ತಕ್ಷಣ ಮೂಗು ಬಿಡಿಸುವ ಔಷಧ ಅಲ್ಲ. ಊತ ನಿಧಾನ ಇಳಿಯುತ್ತದೆ. ಪೂರ್ತಿ ಗುಣ ಕಾಣಲು ಒಂದೆರಡು ವಾರವೂ ಆಗಬಹುದು. ಇನ್ನೊಬ್ಬರ ಮೂಗಿಗೆ ನಿಮ್ಮ ಡಬ್ಬಿ ಕೊಡಬೇಡಿ."

ಪ್ರಮೀಳೆ ಬೆರಳು ಮಡಿಸಿ ದಿನ ಎಣಿಸಿದಳು.

"ಹುಣ್ಣಿಮೆ ಅಷ್ಟು ದೂರ ಇಲ್ಲ ಡಾಕ್ಟ್ರೇ."

"ಮೂಗಿಗೆ ಪಂಚಾಂಗ ಇಲ್ಲಮ್ಮ," ಎಂದರು ಡಾಕ್ಟರು.

ಗಾಯ ಮಾಯಿತು. ಪ್ರಮೀಳೆ ಮತ್ತೆ ಶುರುಮಾಡಿದಳು. ಮೊದಲು ನೇತಿ, ಆಮೇಲೆ ಔಷಧ. ಮೂಗು ಅರ್ಧ ತೆರೆಯಿತು, ಅರ್ಧ ಹಟ ಹಿಡಿಯಿತು. ಸೀನು ಕಡಿಮೆಯಾಯಿತು. ಕಾಗೆಗಳು ಮರದಲ್ಲೇ ಕೂತವು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಮತ್ತೆ ಗುರುವಿನ ಹತ್ತಿರ ಬಂದಳು.

"ಒಂದು ಹೊಳ್ಳೆ ಇನ್ನೂ ಬಿಟ್ಟಿಲ್ಲ ಅಮ್ಮಾ. ಇವತ್ತೊಂದು ದಿನ ಎರಡು ಸಲ ಹೆಚ್ಚಿಗೆ ಹೊಡೆದುಕೊಂಡರೆ?"

"ಹಸಿವಾಯಿತು ಅಂತ ಎರಡು ಕೈಯಲ್ಲಿ ಉಂಡವರನ್ನು ನೋಡಿದ್ದೀಯಾ?"

"ನಾಳೆ ಹುಣ್ಣಿಮೆ ತಪ್ಪಿಹೋದರೆ?"

"ಚಂದ್ರ ಎಲ್ಲಿಗೆ ಓಡಿಹೋಗುತ್ತಾನೆ?"

ಪ್ರಮೀಳೆ ಡಬ್ಬಿಯನ್ನು ನೋಡಿದಳು. ಇನ್ನೊಂದು ವರ್ಷ ಹಿಂದಿನ ಸಾಲು. ಇನ್ನೊಂದು ವರ್ಷ ನಿನ್ನೆ ಮೊನ್ನೆ ಬಂದವರ ಬೆನ್ನು ನೋಡುತ್ತ ಕೂರುವುದು. ಹೆಬ್ಬೆರಳು ಡಬ್ಬಿಯ ತಳದ ಮೇಲೇ ಇತ್ತು. ಒತ್ತಿದರೆ ಆಯಿತು.

ಮೂತಿ ಒರೆಸಿ ಮುಚ್ಚಳ ಹಾಕಿದಳು.

ಹುಣ್ಣಿಮೆಯ ಬೆಳಗಾಯಿತು. ಎಲ್ಲರೂ ದಡದಲ್ಲಿ ಕೂತಿದ್ದರು. ಹೊಸದಾಗಿ ಸೇರಿದ ಹೆಂಗಸರು ಹಿಂದೆ ನಿಂತಿದ್ದರು. ಪ್ರಮೀಳೆ ಮುಂದೆ ಹೋಗಿ ನದಿಗೆ ಮುಖ ಮಾಡಿದಳು. ಕಾಲು ಮಡಿಸಿ ಕೂತಳು. ಬಾಯಿ ಮುಚ್ಚಿದಳು. ಕಣ್ಣು ಮುಚ್ಚಿದಳು.

ಮೊದಲು ಏನೂ ಇರಲಿಲ್ಲ.

ಆಮೇಲೆ ಒಂದು ಎಳೆ. ನೂಲಿನಷ್ಟು ತೆಳ್ಳಗೆ, ತಣ್ಣಗೆ, ಒಳಗೆ ಬಂತು. ಅವಳು ಎಳೆಯಲಿಲ್ಲ. ಅದು ತಾನಾಗಿ ಬಂತು. ಅದರ ಹಿಂದೆ ಇನ್ನಷ್ಟು ಬಂತು.

ಅದರ ಜೊತೆಗೆ ಒಂದು ವಾಸನೆ ಬಂತು.

ಮಳೆಗಾಲದ ನದಿಯ ವಾಸನೆ ಅವಳಿಗೆ ಗೊತ್ತಿತ್ತು. ಅದು ಕೆಸರಿನದು, ಕೊಚ್ಚಿ ಬಂದ ಎಲೆಯದು. ಇದು ಬೇರೆ. ಬತ್ತಿ ನಿಂತ ನೀರು, ಪಾಚಿ, ಇಬ್ಬನಿ ಬಿದ್ದ ಕಲ್ಲು, ಮರಳು. ಎಲ್ಲದರ ಮೇಲೆ ತೆಳ್ಳನೆಯ ಹೂವಿನ ಕಂಪು. ಇಷ್ಟು ವರ್ಷ ಇದೇ ದಡದಲ್ಲಿ ಕೂತಿದ್ದಳು. ಚೈತ್ರದ ನದಿಗೆ ವಾಸನೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಕಣ್ಣಿನಿಂದ ನೀರು ಸುರಿಯಿತು. ಅದು ಅಲರ್ಜಿಯದಲ್ಲ.

ಉಸಿರು ಬಂತು, ನಿಂತಿತು, ಹೋಯಿತು. ಅವಳು ಬಾಯಿ ತೆರೆಯಲೇ ಇಲ್ಲ. ಅಕ್ಕಪಕ್ಕದವರ ಓಂಕಾರ ಎದ್ದು, ನೀರಿನ ಮೇಲೆ ಹರಡಿ, ಮುಗಿಯಿತು. ಸೂರ್ಯ ಬಂದ.

ಪ್ರಮೀಳೆ ಕಣ್ಣು ಬಿಟ್ಟಾಗ ಹೊಸ ಹೆಂಗಸರು ಅವಳ ಎದುರಿನ ಮರಳಿನ ಮೇಲೆ ಸಾಲಾಗಿ ಕೂತಿದ್ದರು. ಕೂರಿಸಿದವರು ಅನಸೂಯಮ್ಮ.

"ಇವರಿಗೆ ಇವತ್ತಿನಿಂದ ನೀನೇ ಕಲಿಸು."

ಪ್ರಮೀಳೆ ಗಾಬರಿಯಿಂದ ಎದ್ದು ನಿಂತಳು.

"ಅಮ್ಮಾ, ನಾನು ಓಂಕಾರ ಹಿಡಿಯಲೇ ಇಲ್ಲ. ಮರೆತೇಹೋಯಿತು. ಬರಿ ಉಸಿರು ಬಂತು, ಅಷ್ಟೇ."

ಅನಸೂಯಮ್ಮ ಅವಳ ಒದ್ದೆ ಮುಖವನ್ನು ನೋಡಿದರು.

"ಇನ್ನೇನು ಬರಬೇಕಿತ್ತು?"