ಅಳಿಯನ ತಲೆ ತಟ್ಟಿದ ಕುಂಬಾರ

“ಗುರುಗಳೇ, ಅಭ್ಯಾಸ, ರೂಢಿ, ವಾಡಿಕೆ, ಚಾಳಿ, ಚಟ, ಇವೆಲ್ಲ ಒಂದೆಯೋ ಬೇರೆ ಬೇರೆಯೋ?” ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ. “ನಿಘಂಟು ತೆಗೆದು ನೋಡಿದೆ. ರೂಢಿ ಎಂದರೆ ಅಭ್ಯಾಸ ಎಂದು ಬರೆದಿದೆ. ಅಭ್ಯಾಸ ಎಂದರೆ ರೂಢಿ ಎಂದು ಬರೆದಿದೆ. ಬೆಳಗಿನಿಂದ ಅಲ್ಲೇ ಸುತ್ತುತ್ತಿದ್ದೇನೆ.”

ಗುರುಗಳು ನಕ್ಕರು. “ಗಾಣದೆತ್ತು ಆದೆಯಲ್ಲೋ! ಸಾಕು, ಆ ಪುಸ್ತಕ ಮುಚ್ಚು. ಒಬ್ಬ ಕುಂಬಾರನ ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ.”

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಒಳ್ಳೆಯ ಕೆಲಸಗಾರ. ಮಡಕೆ ಬೇಯಿಸುವ ಆವಿಗೆಯಿಂದ ತೆಗೆದ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ವಾಲಿಸಿ ಕೇಳುತ್ತಿದ್ದ. ಠಣ್ ಎಂದರೆ ಗಟ್ಟಿ. ಡೊಬ್ ಎಂದರೆ ಒಳಗೆ ಬಿರುಕು. ಮೂವತ್ತು ವರ್ಷ ಹೀಗೆ ತಟ್ಟಿ ತಟ್ಟಿ ಅವನ ಕೈಗೆ ಮಡಕೆಗೂ ಮಿಕ್ಕ ವಸ್ತುಗಳಿಗೂ ಭೇದ ಉಳಿಯಲಿಲ್ಲ. ಗುಂಡಗಿದ್ದದ್ದು ಕಂಡರೆ ಸಾಕು, ಕೈ ತಾನಾಗಿ ಹೋಗುತ್ತಿತ್ತು. ಕುಂಬಳಕಾಯಿ ತಟ್ಟುತ್ತಿದ್ದ. ಪಕ್ಕದ ಮನೆಯವರ ತೊಟ್ಟಿಲ ಕೂಸಿನ ಹೊಟ್ಟೆಯನ್ನೂ ತಟ್ಟಿದ್ದ, ಪುಣ್ಯಾತ್ಮ!

ಅವನಿಗೆ ಒಬ್ಬಳೇ ಮಗಳು. ಅವಳಿಗೆ ಬಂದಿದ್ದ ಎರಡು ಸಂಬಂಧಗಳು ಈ ಕೈಯಿಂದಲೇ ತಪ್ಪಿಹೋದವು. ಮೊದಲನೆಯ ಸಲ ಹುಡುಗನ ತಂದೆ ಊಟವಾದ ಮೇಲೆ ಗೋಡೆಗೆ ಒರಗಿ ಕೂತಿದ್ದ. ದೊಡ್ಡ ಹೊಟ್ಟೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಎರಡನೆಯ ಸಲ ಏನಾಯಿತೆಂದು ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮೂರನೆಯ ಸಂಬಂಧ ಪಕ್ಕದ ಊರಿನದು. ಅವರೂ ಕುಂಬಾರರೇ. ಎರಡೂ ಮನೆಯವರು ಒಂದೇ ಕೆರೆಯಿಂದ ಮಣ್ಣು ತರುತ್ತಿದ್ದರು. ಹುಡುಗಿ ಆ ಹುಡುಗನನ್ನು ಅಲ್ಲೇ ಕಂಡಿದ್ದಳು, ಮೆಚ್ಚಿದ್ದಳು. “ಅಪ್ಪ, ಮದುವೆಯಾದರೆ ಈ ಹುಡುಗನನ್ನೇ, ಇಲ್ಲದಿದ್ದರೆ ಯಾರೂ ಬೇಡ. ನಿನಗೆ ಕೈಮುಗಿಯುತ್ತೇನೆ, ಅವತ್ತು ಒಂದು ದಿನ ಆ ಕೈಯನ್ನು ಹಿಡಿದುಕೊಂಡಿರು” ಎಂದಳು. ಹೆತ್ತ ಕರುಳು, ಕುಂಬಾರನಿಗೆ ಕಣ್ಣಲ್ಲಿ ನೀರು ಬಂತು. ಗಂಡಿನ ಕಡೆಯವರು ಬರುವ ದಿನ ಅವನು ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿ ಗಂಟು ಹಾಕಿಸಿಕೊಂಡು ಕೂತ. ಚಳಿಜ್ವರ ಎಂದು ಹೆಂಡತಿ ಸುಳ್ಳು ಹೇಳಿದಳು.

ಎಲ್ಲ ಸುಸೂತ್ರವಾಗಿ ನಡೆಯಿತು. ಹುಡುಗಿ ಒಪ್ಪಿಗೆಯಾದಳು. ಲಗ್ನದ ತಿಂಗಳೂ ಗೊತ್ತಾಯಿತು. ಕುಂಬಾರನಿಗೆ ಹಿಗ್ಗೋ ಹಿಗ್ಗು. ಹರಸುವುದಕ್ಕೆ ಕೈ ಬೇಕಲ್ಲ ಎಂದು ಶಾಲಿನ ಗಂಟು ಬಿಚ್ಚಿಸಿಕೊಂಡ. ಹುಡುಗ ಕಾಲಿಗೆ ನಮಸ್ಕರಿಸಲು ಬಗ್ಗಿದ. ದೇವರಿಗೆ ಮುಡಿ ಕೊಟ್ಟು ಬಂದು ಇನ್ನೂ ವಾರವಾಗಿರಲಿಲ್ಲ, ತಲೆ ನುಣ್ಣಗೆ ಹೊಳೆಯುತ್ತಿತ್ತು. ಕುಂಬಾರನ ಕೈ ಹರಸಲೆಂದೇ ಇಳಿಯಿತು, ಪಾಪ. ಇಳಿದು ಎರಡು ಸಲ ತಟ್ಟಿತು. ಕಿವಿ ವಾಲಿತು. ನಾಲಿಗೆಯೂ ಸುಮ್ಮನಿರಲಿಲ್ಲ. “ಇನ್ನೊಂದು ಸ್ವಲ್ಪ ಬೇಯಬೇಕಾಗಿತ್ತು” ಎಂದುಬಿಟ್ಟ.

ಹುಡುಗನ ತಾಯಿ ಎದ್ದು ನಿಂತಳು. “ನನ್ನ ಮಗನ ತಲೆ ಸಂತೆಯ ಮಡಕೆಯೇನ್ರೀ? ಇದೆಂಥ ದರಿದ್ರ ಚಾಳಿ!”

ಹುಡುಗಿಯ ಸೋದರಮಾವ ನಡುವೆ ಬಂದ. “ಕೋಪ ಮಾಡಿಕೊಳ್ಳಬೇಡಿ ತಾಯಿ, ಇದು ನಮ್ಮ ಕಡೆಯ ವಾಡಿಕೆ. ಅಳಿಯನಾಗುವವನ ತಲೆ ತಟ್ಟಿ ಹರಸುತ್ತೇವೆ” ಎಂದ.

“ನಾವೂ ಕುಂಬಾರರೇ ಕಣಯ್ಯ. ತಲೆ ತಟ್ಟುವ ವಾಡಿಕೆ ಯಾವ ಊರಿನಲ್ಲಿದೆ? ಕಿವಿಯಲ್ಲಿ ಹೂ ಇಡಬೇಡ” ಎಂದು ಹುಡುಗನ ತಂದೆ ಮೇಲುಹೊದಿಕೆ ಕೊಡವಿಕೊಂಡು ಹೊರಟ. ಹಿಂದೆ ಹೆಂಡತಿ, ಅವಳ ಹಿಂದೆ ತಲೆ ಸವರಿಕೊಳ್ಳುತ್ತ ಮಗ. ಕುಂಬಾರ ತನ್ನ ಕೈಯನ್ನೇ ನೋಡುತ್ತ ಕೂತುಬಿಟ್ಟ. ಹುಡುಗಿ ಬಾಗಿಲಿಗೆ ಬಂದು ನಿಂತಳು.

ಅಂಗಳದಲ್ಲಿ ಹೊಸ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರು. ಹುಡುಗನ ತಂದೆ ಬೈದುಕೊಳ್ಳುತ್ತಲೇ ಆ ಸಾಲಿನ ಪಕ್ಕದಲ್ಲಿ ನಡೆದ. “ಮರ್ಯಾದೆ ಗೊತ್ತಿಲ್ಲದ ಜನ” ಎನ್ನುತ್ತ ಒಂದನ್ನು ತಟ್ಟಿದ. “ಇವರ ಮನೆಯ ನೀರೂ ಬೇಡ” ಎನ್ನುತ್ತ ಇನ್ನೊಂದನ್ನು ತಟ್ಟಿದ. ಮೂರನೆಯದನ್ನು ತಟ್ಟಿ ನಿಂತ. ಮತ್ತೆ ತಟ್ಟಿ, ಬಗ್ಗಿ ಕಿವಿ ಕೊಟ್ಟ. ಹಿಂದೆ ತಿರುಗಿ, “ಬೀಗರೇ, ಇದು ಬಿರುಕು ಬಿಟ್ಟಿದೆ, ಮಾರಬೇಡಿ” ಎಂದು ಕೂಗಿದ.

ಬೀಗರೇ ಎಂದದ್ದು ಅವನಿಗೇ ತಿಳಿಯಲಿಲ್ಲ. ಹುಡುಗಿಗೆ ತಿಳಿಯಿತು. ನಾಚಿಕೆ ಬಿಟ್ಟು ಕೇಳಿದಳು. “ಅತ್ತೆ, ನಮ್ಮಪ್ಪ ತಟ್ಟಿದ್ದು ಚಾಳಿ. ಮಾವ ತಟ್ಟುತ್ತಿರುವುದು ಏನು?”

“ಅದು ಅವರ ಅಭ್ಯಾಸ ಕಣಮ್ಮ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ” ಎಂದು ಹುಡುಗನ ತಾಯಿ ಥಟ್ಟನೆ ಹೇಳಿದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಾಗಲಿಲ್ಲ. ಗಂಡ ಇನ್ನೂ ಮಡಕೆಗೆ ಕಿವಿ ಕೊಟ್ಟುಕೊಂಡೇ ಇದ್ದ. ಹುಡುಗ, “ಅಪ್ಪ, ನನ್ನ ತಲೆಗೆ ಏನೂ ಆಗಿಲ್ಲ. ಒಳಗೆ ಹೋಗೋಣ, ಪಾಯಸ ಬಡಿಸಿ ಆಗಿತ್ತು” ಎಂದ.

ಮದುವೆ ಚೆನ್ನಾಗಿಯೇ ನಡೆಯಿತು. ಧಾರೆ ಎರೆಯುವ ಹೊತ್ತಿಗೆ ಕುಂಬಾರನ ಬಲಗೈಯನ್ನು ಅವನ ಹೆಂಡತಿಯೂ ಎಡಗೈಯನ್ನು ಬೀಗಿತಿಯೂ ಹಿಡಿದುಕೊಂಡಿದ್ದರು. ಅಳಿಯನ ಕೂದಲೂ ಅಷ್ಟರಲ್ಲಿ ಬೆಳೆದಿತ್ತು.

ಕತೆ ಮುಗಿಯಿತು. ಶಂಭುಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾಗಿ ಹೇಳಿದ. “ತಿಳಿಯಿತು ಗುರುಗಳೇ. ನಮ್ಮವರು ಮಾಡಿದರೆ ಅಭ್ಯಾಸ, ಪರರು ಮಾಡಿದರೆ ಚಾಳಿ. ಕೆಲಸ ಒಂದೇ, ಮಾಡುವವರ ಮುಖ ನೋಡಿ ಹೆಸರಿಡುತ್ತಾರೆ. ಛೆ, ಈ ಜನಕ್ಕೆ ಇದೊಂದು ಕೆಟ್ಟ ಚಾಳಿ!”

“ಹೌದಪ್ಪ, ನೀನೂ ಅದನ್ನೇ ದಿನಾ ಮಾಡುತ್ತೀಯಲ್ಲ, ನಿನ್ನದಕ್ಕೆ ಏನು ಹೆಸರಿಟ್ಟುಕೊಂಡಿದ್ದೀಯ?” ಎಂದರು ಗುರುಗಳು.